ಮಳೆಗೆ ಮುಂಚೆ ಮನೆ ಕೆಲಸ: ಕೊಡಗಿನಲ್ಲಿ ‘ನಾಳೆ ನೋಡೋಣ’ ಅಂದ್ರೆ ಮುಂದಿನ ವರ್ಷ ಅಂತಲೇ ಅರ್ಥ!

ಜುಲೈ ತಿಂಗಳ ಒಂದು ರಾತ್ರಿ. ಹೊರಗೆ ಒಂದೇ ಸಮನೆ ಮಳೆ. ಕರೆಂಟ್ ಹೋಗಿ ಗಂಟೆಗಳಾಗಿವೆ. ಅಡುಗೆಮನೆ ಮೂಲೆಯಲ್ಲಿ ಇಟ್ಟ ಬಕೆಟ್‌ಗೆ ಟಪ್ ಟಪ್ ಅಂತ ನೀರು ಬೀಳ್ತಾ ಇದೆ. ಮನೆಯಾಕೆ ಒಂದೇ ಮಾತು ಹೇಳ್ತಾರೆ, “ಏಪ್ರಿಲ್‌ನಲ್ಲೇ ಹೇಳಿದ್ದೆ ಅಲ್ವಾ, ಆ ಹೆಂಚು ಬದಲಾಯಿಸಿ ಅಂತ.” ಅದಕ್ಕೆ ಯಾರ ಹತ್ತಿರವೂ ಉತ್ತರ ಇರಲ್ಲ. ಪಾಚಿ ಹಿಡಿದು ಜಾರುವ ಮಾಡಿನ ಮೇಲೆ ಈಗ ಯಾರನ್ನೂ ಹತ್ತಿಸೋ ಹಾಗಿಲ್ಲ. ಮಳೆ ಬಿಡುವವರೆಗೆ ಆ ಬಕೆಟ್ ಅಲ್ಲೇ ಇರಬೇಕು.

ಇದು ಬೇರೆಯವರ ಕಥೆ ಅಲ್ಲ, ನಮ್ಮ ಮನೆಯದ್ದೇ. ಒಂದು ಒಡೆದ ಹೆಂಚನ್ನು ಮೂರು ಮಳೆಗಾಲ ‘ನೋಡೋಣ’ ಅಂತ ಬಿಟ್ಟಿದ್ದೆವು. ನಾಲ್ಕನೇ ವರ್ಷ ಹತ್ತಿ ನೋಡಿದಾಗ ಹೆಂಚಿನ ಕೆಳಗಿನ ರೀಪು ಕೊಳೆತು, ಪಕಾಸಿನ ತುದಿ ಕೈಯಲ್ಲಿ ಮುರಿಯೋ ಹಾಗಾಗಿತ್ತು. ಒಂದು ಹೆಂಚಿನ ಖರ್ಚಲ್ಲಿ ಮುಗಿಯಬೇಕಿದ್ದದ್ದು ಮರಗೆಲಸದವರ ನಾಲ್ಕು ದಿನದ ಕೂಲಿಗೆ ಬಂತು.

ಮನೆ ಕೆಲಸ ಬಾಕಿ ಉಳಿಯೋದು ಎಲ್ಲಾ ಊರಲ್ಲೂ ಇದ್ದದ್ದೇ. ಆದರೆ ಬಯಲುಸೀಮೆಯಲ್ಲಿ ಈ ವಾರ ಆಗದ ಕೆಲಸ ಮುಂದಿನ ವಾರ ಆಗುತ್ತೆ. ನಮ್ಮಲ್ಲಿ ಮೇ ತಿಂಗಳಲ್ಲಿ ತಪ್ಪಿದ ಕೆಲಸ ಒಂದೋ ಮಳೆ ಕಳೆದ ಮೇಲೆ, ಇಲ್ಲವೇ ಮುಂದಿನ ಬೇಸಿಗೆಗೆ. ಹಾಗಾಗಿ ಕೊಡಗಿನ ಮನೆಗಳಿಗೆ ಕೆಲಸದ ಲೆಕ್ಕಾಚಾರವೇ ಸ್ವಲ್ಪ ಬೇರೆ. ಅದನ್ನು ಸುಲಭವಾಗಿ ಹಾಕಿಕೊಳ್ಳೋದು ಹೇಗೆ ಅಂತ ಇಲ್ಲಿ ನೋಡೋಣ.

ನಮಗೆ ಸಿಗೋ ಸಮಯ ಎಷ್ಟು?

ಅರೇಬಿಕಾ ಕೊಯ್ಲು ನವೆಂಬರ್ ಹೊತ್ತಿಗೆ ಶುರುವಾದ್ರೆ ರೊಬಸ್ಟಾ ಮುಗಿಯೋಕೆ ಫೆಬ್ರವರಿ, ಕೆಲವು ಕಡೆ ಮಾರ್ಚ್. ಆ ಹೊತ್ತಿಗೆ ಹೂಮಳೆ ಬಂತಾ ಇಲ್ವಾ, ಸ್ಪ್ರಿಂಕ್ಲರ್ ಹಾಕೋದಾ ಅನ್ನೋ ಚಿಂತೆ. ಜೊತೆಗೆ ಕರಿಮೆಣಸು ಕೊಯ್ಲು, ಒಣಗಿಸೋದು. ಆಮೇಲೆ ಮರಗಸಿ, ಗೊಬ್ಬರ. ತೋಟ ಇಲ್ಲದ ಪೇಟೆಯವರಿಗೆ ಮಕ್ಕಳ ಪರೀಕ್ಷೆ, ಮದುವೆ, ಗೃಹಪ್ರವೇಶಗಳ ಸಾಲು. ಹೀಗೆ ನೋಡ್ತಾ ಹೋದ್ರೆ ಮನೆಗೆ ಅಂತ ಉಳಿಯೋದು ಏಪ್ರಿಲ್‌ನ ಅರ್ಧ ಮತ್ತು ಮೇ ತಿಂಗಳು. ಅದರಲ್ಲೂ ಸಂಜೆ ಹೊತ್ತು ಗುಡುಗು ಮಳೆ.

ಮುಂಗಾರು ಯಾವಾಗ ಬರುತ್ತೆ ಅನ್ನೋದೂ ನಮ್ಮ ಕೈಲಿಲ್ಲ. ಕೇರಳಕ್ಕೆ ಮುಂಗಾರು ಕಾಲಿಡುವ ವಾಡಿಕೆಯ ದಿನ ಜೂನ್ 1. ಆದರೆ 2023ರಲ್ಲಿ ಅದು ಬಂದದ್ದು ಜೂನ್ 8ಕ್ಕೆ, 2024ರಲ್ಲಿ ಮೇ 30ಕ್ಕೆ, 2025ರಲ್ಲಿ ಮೇ 24ಕ್ಕೇ. ಮೂರು ವರ್ಷದಲ್ಲೇ ಹದಿನೈದು ದಿನ ಹಿಂದೆ ಮುಂದೆ. ಕೇರಳಕ್ಕೆ ಬಂದ ಮಳೆ ಗಡಿಯಲ್ಲಿರೋ ನಮ್ಮನ್ನು ಹೆಚ್ಚು ದಿನ ಕಾಯಿಸೋದೂ ಇಲ್ಲ. 2025ರಲ್ಲಿ ‘ಮೇ ಕೊನೇ ವಾರ ಮಾಡಿಸಿದ್ರಾಯ್ತು’ ಅಂತ ಕೂತವರಿಗೆ ಕೊನೇ ವಾರವೇ ಸಿಗಲಿಲ್ಲ.

ಹಾಗಾಗಿ ಮೊದಲನೇ ಕೆಲಸ: ಜೂನ್ 1 ಅನ್ನೋದನ್ನು ಮರೆತುಬಿಡಿ. ಕ್ಯಾಲೆಂಡರ್‌ನಲ್ಲಿ ಮೇ 15ಕ್ಕೆ ಒಂದು ಗುಂಡು ಸುತ್ತಿ. ಮಳೆಗೆ ಸಂಬಂಧಪಟ್ಟ ಕೆಲಸಕ್ಕೆಲ್ಲ ಅದೇ ಕೊನೇ ದಿನ ಅಂತ ಇಟ್ಕೊಳ್ಳಿ.

ಕೆಲಸ ಯಾಕೆ ನಿಂತಿದೆ ಅಂತ ಮೊದಲು ನೋಡಿ

ಬಾಕಿ ಕೆಲಸಕ್ಕೆ ನಾವು ಸಾಮಾನ್ಯವಾಗಿ ಕೊಡೋ ಕಾರಣ ‘ಸೋಮಾರಿತನ’. ಅದು ಪೂರ್ತಿ ನಿಜ ಅಲ್ಲ. ಬೆಳಿಗ್ಗೆ ಆರಕ್ಕೆ ಎದ್ದು ರಾತ್ರಿ ಹತ್ತರವರೆಗೆ ದುಡಿಯೋ ಮನೆಯಲ್ಲೂ ಬಾಗಿಲ ಚಿಲಕ ಎರಡು ವರ್ಷದಿಂದ ಹಾಳಾಗೇ ಇರುತ್ತೆ. ಕೆಲಸ ನಿಂತಿರೋದು ಅದು ಏನನ್ನೋ ಕಾಯ್ತಾ ಇರೋದರಿಂದ. ಏನನ್ನು ಕಾಯ್ತಿದೆ ಅಂತ ಗೊತ್ತಾದ್ರೆ ಅರ್ಧ ದಾರಿ ಮುಗಿದ ಹಾಗೆ.

ಒಂದು ಭಾನುವಾರ ಬೆಳಿಗ್ಗೆ ಕಾಗದ, ಪೆನ್ನು ಹಿಡಿದು ಗೇಟಿನಿಂದ ಹಿತ್ತಲಿನವರೆಗೆ ಒಂದು ಸುತ್ತು ಹಾಕಿ. ಕಂಡದ್ದೆಲ್ಲ ಬರೀರಿ. ಆಮೇಲೆ ಪ್ರತಿಯೊಂದರ ಮುಂದೆ ಈ ನಾಲ್ಕರಲ್ಲಿ ಒಂದು ಪದ ಹಾಕಿ:

ಬಿಸಿಲು: ಒಣ ಹವೆ ಇದ್ದರೆ ಮಾತ್ರ ಆಗೋ ಕೆಲಸ. ಸೌದೆ, ಮಾಡು, ದಂಬೆ, ಬಣ್ಣ, ಹಾಸಿಗೆ.
ಆಳು: ಕೆಲಸದವರು ಬೇಕು. ಮೇಸ್ತ್ರಿ, ಪ್ಲಂಬರ್, ಎಲೆಕ್ಟ್ರಿಷಿಯನ್, ಮರ ಹತ್ತೋರು.
ಕಾಗದ: ಕಚೇರಿ, ಬ್ಯಾಂಕ್, ದಾಖಲೆ ಬೇಕಾದದ್ದು.
ಮಾತು: ಮನೆಯವರು ಕೂತು ತೀರ್ಮಾನ ಮಾಡಬೇಕಾದದ್ದು.

ಈ ನಾಲ್ಕರಲ್ಲಿ ಯಾವುದನ್ನೂ ಕಾಯದ ಕೆಲಸಗಳೂ ಪಟ್ಟಿಯಲ್ಲಿ ಸಿಗ್ತವೆ. ಸಡಿಲವಾದ ಹಿಡಿಕೆಯ ಸ್ಕ್ರೂ, ಸ್ಟೂಲ್ ಹಾಕಿ ಬದಲಿಸಬೇಕಾದ ಬಲ್ಬು, ವಾಪಸ್ ಕೊಡಬೇಕಾದ ಪಕ್ಕದ ಮನೆಯ ಪಾತ್ರೆ. ಹತ್ತು ನಿಮಿಷದೊಳಗೆ ಮುಗಿಯೋದನ್ನು ಅಲ್ಲೇ, ಆವಾಗಲೇ ಮಾಡಿ ಹೊಡೆದು ಹಾಕಿ. ಮೊದಲ ದಿನವೇ ಪಟ್ಟಿ ಚಿಕ್ಕದಾದ್ರೆ ಉಳಿದದ್ದಕ್ಕೆ ಧೈರ್ಯ ಬರುತ್ತೆ.

ಬಿಸಿಲಿನ ಕೆಲಸ: ಮೊದಲ ಸರದಿ ಇದಕ್ಕೇ

ಪಟ್ಟಿಯಲ್ಲಿ ‘ಬಿಸಿಲು’ ಅಂತ ಬರೆದದ್ದೇ ಮೊದಲು. ಎಷ್ಟೇ ಮುಖ್ಯವಾದ ಬೇರೆ ಕೆಲಸ ಇದ್ದರೂ ಅದನ್ನು ಜೂನ್‌ನಲ್ಲಿ ಮಾಡಬಹುದು. ಇದನ್ನು ಆಗಲ್ಲ.

ಸೌದೆ: ಗ್ಯಾಸ್ ಬಂದರೂ ನಮ್ಮ ಬಚ್ಚಲ ಹಂಡೆಗೆ ಸೌದೆಯೇ ಬೇಕು. ಮರಗಸಿಯಲ್ಲಿ ಬಿದ್ದ ಕೊಂಬೆ ತೋಟದಲ್ಲೇ ರಾಶಿ ಬಿದ್ದಿರುತ್ತೆ. ಹಸಿ ಕೊಂಬೆ ಒಣಗೋಕೆ ವಾರಗಟ್ಟಲೆ ಬಿಸಿಲು ಬೇಕು. ಮೇ ಕೊನೆಯಲ್ಲಿ ಸೀಳಿ ಕೊಟ್ಟಿಗೆಗೆ ತುಂಬಿದರೆ ಅದು ಒಣಗಲ್ಲ, ಬೂಷ್ಟು ಹಿಡಿಯುತ್ತೆ. ಆಮೇಲೆ ಮಳೆಗಾಲ ಪೂರ್ತಿ ಹೊಗೆ ಕುಡಿಯೋದು ಮನೆಯವರೇ. ಏಪ್ರಿಲ್‌ನಲ್ಲೇ ಸೀಳಿಸಿ, ಗಾಳಿ ಆಡೋ ಹಾಗೆ ಅಡ್ಡ ಉದ್ದ ಪೇರಿಸಿ. ಹಳೇ ಸೌದೆ ಮುಂದೆ, ಹೊಸದು ಹಿಂದೆ.

ದಂಬೆ: ಇದನ್ನು ಯಾಕೆ ಇಷ್ಟು ಒತ್ತಿ ಹೇಳಬೇಕು ಅಂದ್ರೆ ಒಂದು ಲೆಕ್ಕ ನೋಡಿ. ಸಾವಿರ ಚದರಡಿ ಮಾಡಿನ ಮೇಲೆ ಒಂದು ದಿನ ನಾಲ್ಕು ಇಂಚು, ಅಂದ್ರೆ ಸುಮಾರು 100 ಮಿಲಿಮೀಟರ್ ಮಳೆ ಬಿದ್ದರೆ ಅಷ್ಟು ಮಾಡಿನಿಂದ ಇಳಿಯೋ ನೀರು ಸುಮಾರು 9,300 ಲೀಟರ್. ಸಾವಿರ ಲೀಟರಿನ ಸಿಂಟೆಕ್ಸ್ ಟ್ಯಾಂಕು ಒಂಬತ್ತು ತುಂಬಿ ಮೇಲೂ ಉಳಿಯುತ್ತೆ! ನಮ್ಮಲ್ಲಿ ನಾಲ್ಕು ಇಂಚು ಮಳೆ ಸುದ್ದಿಯೇ ಅಲ್ಲ. ಒಂದು ಹಿಡಿ ಸಿಲ್ವರ್ ಓಕ್ ಎಲೆ ದಂಬೆಯ ಬಾಯಿಗೆ ಕೂತರೆ ಅಷ್ಟೂ ನೀರು ದಾರಿ ತಪ್ಪಿ ಗೋಡೆಗೆ, ಅಡಿಪಾಯಕ್ಕೆ ಇಳಿಯುತ್ತೆ. ದಂಬೆ ಸ್ವಚ್ಛ ಮಾಡೋಕೆ ಬೇಕಾದದ್ದು ಒಂದು ಏಣಿ, ಕೆಳಗೆ ಹಿಡಿಯೋಕೆ ಒಬ್ಬರು, ಅರ್ಧ ದಿನ. ಮೇ ತಿಂಗಳಲ್ಲಿ ಒಮ್ಮೆ ಮಾಡಿ, ಮೊದಲ ಮಳೆ ಬಿದ್ದ ಮೇಲೆ ಇನ್ನೊಮ್ಮೆ ಕೆಳಗಿನಿಂದಲೇ ನೀರು ಸರಿಯಾಗಿ ಬರ್ತಿದೆಯಾ ನೋಡಿ.

ಮನೆ ಹಿಂದಿನ ಬರೆ ಮತ್ತು ಚರಂಡಿ: ಗುಡ್ಡ ಕಡಿದು ಮನೆ ಕಟ್ಟಿದವರು ಇದನ್ನು ಮಾಡಿನಷ್ಟೇ ಮುಖ್ಯ ಅಂತ ತಿಳೀರಿ. ಬರೆಯ ಮೇಲಿನ ನೀರು ಮನೆಯ ಹಿಂದೆ ನಿಲ್ಲದ ಹಾಗೆ ಚರಂಡಿ ಬಿಡಿಸಬೇಕು. ಬರೆಯಲ್ಲಿ ಹೊಸ ಬಿರುಕು, ವಾಲಿದ ಮರ, ಇದ್ದಕ್ಕಿದ್ದಂತೆ ಕೆಸರು ನೀರು ಬರೋ ಒರತೆ ಕಂಡರೆ ಅದು ನಾವೇ ಮಣ್ಣು ಹಾಕಿ ಮುಚ್ಚೋ ಕೆಲಸ ಅಲ್ಲ. ಗ್ರಾಮ ಪಂಚಾಯಿತಿಗೆ, ಕಂದಾಯ ಇಲಾಖೆಗೆ ಮೊದಲೇ ತಿಳಿಸಿ.

ಹಾಸಿಗೆ, ಕಂಬಳಿ, ಸೂಟ್‌ಕೇಸಿನ ಬಟ್ಟೆ: ಒಂದೇ ದಿನ ಎಲ್ಲಾ ಹೊರಗೆ ಹಾಕೋಕೆ ಹೋದ್ರೆ ಸಂಜೆ ಗುಡುಗಿಗೆ ಎಲ್ಲಾ ಎಳ್ಕೊಂಡು ಓಡಬೇಕಾಗುತ್ತೆ. ದಿನಕ್ಕೊಂದು ಕೋಣೆ, ಮಧ್ಯಾಹ್ನ ಎರಡು ಗಂಟೆಯೊಳಗೆ ಒಳಗೆ. ಕಣ ಖಾಲಿ ಇದ್ದರೆ ಅದಕ್ಕಿಂತ ಒಳ್ಳೆ ಜಾಗ ಇಲ್ಲ. ಹಲಸಿನ ಹಪ್ಪಳ, ಮೆಣಸಿನಕಾಯಿ ಒಣಗಿಸೋರೂ ಇದೇ ಸಮಯಕ್ಕೆ ಕಣ ಕೇಳ್ತಾರೆ, ಹಾಗಾಗಿ ಸರದಿ ಮೊದಲೇ ಮಾತಾಡಿಕೊಳ್ಳಿ.

ಇಲ್ಲಿ ತೋಟದ ಮಾಲೀಕರಿಗೂ ಒಂದು ಮಾತು. ನಿಮ್ಮ ಪಟ್ಟಿಯಲ್ಲಿ ಲೈನ್ ಮನೆಗಳೂ ಇರಲಿ. ಅಲ್ಲಿರೋರಿಗೆ ರಜೆ ಅಂದ್ರೆ ಭಾನುವಾರ ಒಂದೇ, ಅದೂ ಸಂತೆಗೆ ಹೋಗಿ ಬರೋಷ್ಟರಲ್ಲಿ ಮುಗೀತು. ಅವರ ಮಾಡು ಸೋರಿದರೆ ಅವರು ಹೇಳೋಕೆ ಹಿಂಜರಿಯಬಹುದು. ನೀವೇ ಹೋಗಿ ಕೇಳಿ.

ಆಳಿನ ಕೆಲಸ: ಎಲ್ಲರೂ ಒಟ್ಟಿಗೆ ಕರೆದರೆ ಯಾರಿಗೂ ಸಿಗಲ್ಲ

ಮೇ ಕೊನೇ ವಾರ ಹಾರ್ಡ್‌ವೇರ್ ಅಂಗಡಿಯವರನ್ನು ಕೇಳಿ ನೋಡಿ. ಶೀಟು, ಟಾರ್ಪಾಲು, ಪೈಪು, ಕೊಡೆ ಎಲ್ಲ ಒಂದೇ ವಾರದಲ್ಲಿ ಎಲ್ಲರಿಗೂ ಬೇಕು. ಅದೇ ವಾರ ಶಾಲೆ ಶುರುವಿನ ಗಡಿಬಿಡಿ, ಪುಸ್ತಕ, ಯೂನಿಫಾರಂ, ರೈನ್‌ಕೋಟು. ಕೆಲಸದವರಂತೂ ಫೋನ್ ಎತ್ತೋದೇ ಇಲ್ಲ. ಎತ್ತಿದರೂ “ನಾಳೆ ಬರ್ತೀನಿ ಸರ್.” ಅವರ ತಪ್ಪೂ ಅಲ್ಲ ಬಿಡಿ, ಒಬ್ಬರೇ ಎಷ್ಟು ಮನೆಗೆ ಹೋಗೋಕೆ ಆಗುತ್ತೆ?

ಇಲ್ಲಿ ಮೂರು ಸೂತ್ರ ಕೆಲಸಕ್ಕೆ ಬರುತ್ತೆ.

ಒಂದು, ಕೆಲಸವನ್ನು ಗುಂಪು ಮಾಡಿ. ಪ್ಲಂಬರ್‌ನನ್ನು ಒಂದು ನಲ್ಲಿಗೆ ಕರೆದರೆ ಅವರಿಗೂ ಗಿಟ್ಟಲ್ಲ, ನಿಮಗೂ ದುಬಾರಿ. ನಲ್ಲಿ, ಫ್ಲಷ್, ಟ್ಯಾಂಕಿನ ವಾಲ್ವ್, ಸೋರುವ ಪೈಪ್ ಎಲ್ಲಾ ಸೇರಿಸಿ ‘ಒಂದು ದಿನದ ಕೆಲಸ ಇದೆ’ ಅಂತ ಹೇಳಿ. ಬರೋ ಸಾಧ್ಯತೆ ಜಾಸ್ತಿ. ನಿಮ್ಮಲ್ಲಿ ಒಂದು ದಿನದ ಕೆಲಸ ಇಲ್ಲವಾದರೆ ಪಕ್ಕದ ಎರಡು ಮನೆಯವರ ಜೊತೆ ಸೇರಿ ಕರೀರಿ.

ಎರಡು, ಸಾಮಾನು ಮೊದಲೇ ತಂದಿಡಿ. ಕೆಲಸದವರು ಬಂದ ಮೇಲೆ ಅರ್ಧ ಇಂಚಿನ ಎಲ್ಬೋಗೆ ಪೇಟೆಗೆ ಓಡಿದರೆ ಅರ್ಧ ದಿನ ಹೋಯ್ತು. ಹಳೇ ಭಾಗದ ಫೋಟೋ ತೆಗೆದು, ಅಳತೆ ಬರೆದು ಅಂಗಡಿಯವರಿಗೆ ವಾಟ್ಸ್ಆ್ಯಪ್ ಮಾಡಿ. ಇದೆಯಾ ಇಲ್ವಾ ಅಂತ ಗೊತ್ತಾದ ಮೇಲೆ ದಿನ ಗೊತ್ತು ಮಾಡಿ. ಅಂಗಡಿಯವರಿಗೂ ಇದರಿಂದ ಲಾಭ, ಯಾವ ಸಾಮಾನು ಎಷ್ಟು ತರಿಸಬೇಕು ಅಂತ ಮೊದಲೇ ತಿಳಿಯುತ್ತೆ.

ಮೂರು, ಮರದ ಕೆಲಸಕ್ಕೆ ಎಲ್ಲಕ್ಕಿಂತ ಮೊದಲು ಕೈ ಹಾಕಿ. ಮನೆ ಮೇಲೆ ವಾಲಿದ ಮರ ಅಂದ್ರೆ ಆಳು, ಕಾಗದ, ಮಾತು ಮೂರೂ ಬೇಕಾದ ಕೆಲಸ. ಹಲವು ಜಾತಿಯ ಮರಗಳಿಗೆ ಅರಣ್ಯ ಇಲಾಖೆಯ ಅನುಮತಿ ಬೇಕು. ಪಕ್ಕದವರ ಜಾಗದ್ದಾದರೆ ಅವರ ಜೊತೆ ಮಾತಾಡಬೇಕು. ಕರೆಂಟ್ ತಂತಿಗೆ ತಾಗೋ ಕೊಂಬೆಯನ್ನು ಯಾವ ಕಾರಣಕ್ಕೂ ನೀವೇ ಕಡಿಯೋಕೆ ಹೋಗಬೇಡಿ, 1912ಕ್ಕೆ ಫೋನ್ ಮಾಡಿ ಇಲ್ಲವೇ ಹತ್ತಿರದ ಸೆಸ್ಕ್ ಕಚೇರಿಗೆ ತಿಳಿಸಿ.

ಕಾಗದದ ಕೆಲಸ: 2018 ಮರೆಯಬೇಡಿ

2018ರ ಆಗಸ್ಟ್ ನಡುವಿನ ಆ ದಿನಗಳು ನೆನಪಿದ್ದವರಿಗೆ ಇದನ್ನು ಹೆಚ್ಚು ವಿವರಿಸಬೇಕಿಲ್ಲ. ಮಕ್ಕಂದೂರು, ಮದೆನಾಡು, ಜೋಡುಪಾಲ ಸುತ್ತಮುತ್ತ ಗುಡ್ಡ ಕುಸಿದಾಗ ಎಷ್ಟೋ ಜನ ಉಟ್ಟ ಬಟ್ಟೆಯಲ್ಲೇ ಹೊರಟು ಬಂದರು. 2019ರಲ್ಲಿ ತೋರದಲ್ಲಿ ಗುಡ್ಡ ಕುಸಿತ, ಕರಡಿಗೋಡು, ನೆಲ್ಯಹುದಿಕೇರಿ ಕಡೆ ಮನೆಗಳಿಗೆ ಕಾವೇರಿ ನುಗ್ಗಿದ್ದು. 2020ರ ಆಗಸ್ಟ್‌ನಲ್ಲಿ ತಲಕಾವೇರಿಯ ಬ್ರಹ್ಮಗಿರಿ. ಇಂಥ ಹೊತ್ತಲ್ಲಿ ಮೊದಲು ಉಳಿಸಿಕೊಳ್ಳಬೇಕಾದ್ದು ಜೀವ. ಆದರೆ ಆಮೇಲೆ ಪರಿಹಾರಕ್ಕೆ, ಬ್ಯಾಂಕಿಗೆ, ಮಕ್ಕಳ ಶಾಲೆಗೆ ಹೋದಾಗ ಎಲ್ಲರೂ ಕೇಳೋದು ದಾಖಲೆ.

ಹಾಗಾಗಿ ಮನೆಯಲ್ಲಿ ಬಾಕಿ ಇರೋ ಕೆಲಸದಲ್ಲಿ ಅತಿ ಅಗ್ಗದ್ದು, ಅತಿ ಬೆಲೆಬಾಳೋದು ಇದು: ಆಧಾರ್, ಪಡಿತರ ಚೀಟಿ, ಆರ್‌ಟಿಸಿ, ಕ್ರಯಪತ್ರ, ಪಾಸ್‌ಬುಕ್, ವಿಮೆ, ಅಂಕಪಟ್ಟಿ, ಅಂಗಡಿಯ ಲೈಸೆನ್ಸ್ ಎಲ್ಲವನ್ನೂ ನೀರು ಹೋಗದ ಒಂದೇ ಚೀಲಕ್ಕೆ ಹಾಕಿ. ಎಲ್ಲದರ ಫೋಟೋ ತೆಗೆದು ಹೊರ ಊರಲ್ಲಿರೋ ಮಗನಿಗೋ ಮಗಳಿಗೋ ಕಳಿಸಿ. ಡಿಜಿಲಾಕರ್‌ನಲ್ಲಿ ಸಿಗೋದನ್ನು ಅಲ್ಲಿ ಇಳಿಸಿಕೊಳ್ಳಿ. ಚೀಲ ಎಲ್ಲಿದೆ ಅಂತ ಮನೆಯ ಎಲ್ಲರಿಗೂ ಗೊತ್ತಿರಲಿ, ಯಜಮಾನರಿಗೆ ಮಾತ್ರ ಅಲ್ಲ.

ಇನ್ನು ವರ್ಷಗಟ್ಟಲೆ ಎಳೆಯೋ ಕಾಗದ ಅಂದ್ರೆ ಪೌತಿ ಖಾತೆ. ಅಜ್ಜನ ಹೆಸರಲ್ಲಿರೋ ಜಾಗದಲ್ಲಿ ಅಪ್ಪ ದುಡಿದರು, ಈಗ ಮಗ ದುಡೀತಿದ್ದಾನೆ, ಆರ್‌ಟಿಸಿಯಲ್ಲಿ ಮಾತ್ರ ಇನ್ನೂ ಅಜ್ಜನೇ. ಜಮ್ಮಾ ಹಿಡುವಳಿಯಲ್ಲಿ ಕುಟುಂಬದ ಹಲವರ ಹೆಸರು ಸೇರೋದರಿಂದ ಗಂಟು ಇನ್ನೂ ಬಿಗಿ. ಸಾಲ ತೆಗೆಯುವಾಗಲೋ, ಬೆಳೆ ಪರಿಹಾರ ಬರುವಾಗಲೋ ಇದು ಅಡ್ಡ ಬರುತ್ತೆ. ಪೂರ್ತಿ ಕೆಲಸ ಒಂದು ಬೇಸಿಗೆಯಲ್ಲಿ ಮುಗಿಯದೇ ಇರಬಹುದು. ಅದಕ್ಕೆ ದೊಡ್ಡ ಕೆಲಸದ ಹೆಸರು ಬರೆಯಬೇಡಿ, ಮುಂದಿನ ಒಂದು ಹೆಜ್ಜೆ ಬರೀರಿ. ‘ಪೌತಿ ಖಾತೆ ಮಾಡಿಸಬೇಕು’ ಅಂತ ಬರೆದರೆ ಅದು ಹಾಗೇ ಕೂತಿರುತ್ತೆ. ‘ಶನಿವಾರ ಅಜ್ಜನ ಮರಣ ಪ್ರಮಾಣಪತ್ರ ಹುಡುಕೋದು’ ಅಂತ ಬರೆದರೆ ಶನಿವಾರ ಅದು ಆಗುತ್ತೆ. ಆಮೇಲಿನ ಹೆಜ್ಜೆ ನಾಡಕಚೇರಿ, ವಂಶವೃಕ್ಷ.

ತಡ ಆದಷ್ಟೂ ಕಷ್ಟ ಆಗೋದಕ್ಕೆ ಇನ್ನೊಂದು ಉದಾಹರಣೆ ಜನನ, ಮರಣ ನೋಂದಣಿ. 21 ದಿನದೊಳಗೆ ತಿಳಿಸಿದರೆ ಶುಲ್ಕವೇ ಇಲ್ಲ. ಒಂದು ವರ್ಷ ದಾಟಿದರೆ ಮ್ಯಾಜಿಸ್ಟ್ರೇಟರ ಆದೇಶದವರೆಗೆ ಹೋಗಬೇಕು. ಅದೇ ಕಾಗದ, ಅಲೆದಾಟ ಮಾತ್ರ ಬೇರೆ.

ಮಾತಿನ ಕೆಲಸ: ಮಕ್ಕಳು ಊರಿಗೆ ಬಂದಾಗಲೇ ಮುಗಿಸಿ

ನಮ್ಮ ಜಿಲ್ಲೆಯಲ್ಲಿ ಎಷ್ಟೋ ಮನೆಯಲ್ಲಿ ಈಗ ಇರೋದು ಇಬ್ಬರು ಹಿರಿಯರು. ಮಕ್ಕಳು ಬೆಂಗಳೂರು, ಮೈಸೂರು, ದುಬೈ. ಬೇಸಿಗೆ ರಜೆಗೆ ಮೊಮ್ಮಕ್ಕಳ ಜೊತೆ ಬಂದು ನಾಲ್ಕು ದಿನ ಇದ್ದು ಹೋಗ್ತಾರೆ. ಆ ನಾಲ್ಕು ದಿನ ಊಟ, ನೆಂಟರಿಷ್ಟರಲ್ಲೇ ಕಳೆದುಹೋಗುತ್ತೆ. ಅವರು ಹೊರಟ ಮೇಲೆ ನೆನಪಾಗುತ್ತೆ, “ಅಯ್ಯೋ, ಆ ಹಿಂದಿನ ಕೋಣೆ ಏನು ಮಾಡೋದು ಅಂತ ಕೇಳೋದೇ ಮರೆತೆ.”

ಬರೋ ಮುಂಚೆಯೇ ಮೂರು ವಿಷಯ ಬರೆದಿಟ್ಟು ಫೋನಿನಲ್ಲಿ ಹೇಳಿ, “ಈ ಸಲ ಇದನ್ನು ತೀರ್ಮಾನ ಮಾಡ್ಬೇಕು ಮಗಾ.” ಹಳೇ ಮಾಡು ರಿಪೇರಿಯಾ, ಶೀಟಾ? ಐನ್‌ಮನೆ ದುರಸ್ತಿಗೆ ನಮ್ಮ ಪಾಲು ಎಷ್ಟು? ಅಟ್ಟದ ಮೇಲಿನ ಹಳೇ ಸಾಮಾನು ಇಡೋದಾ, ಗುಜರಿಗಾ? ಒಂದು ಸಂಜೆ ಸಾಕು. ಮಕ್ಕಳಿಗೂ ಒಂದು ಮಾತು: ಅಪ್ಪ ಅಮ್ಮ ‘ಏನೂ ಕೆಲಸ ಇಲ್ಲ’ ಅಂದರೂ ಒಮ್ಮೆ ಏಣಿ ಹತ್ತಿ ದಂಬೆ ನೋಡಿ ಹೋಗಿ.

ದಿನದ ಕೆಲಸ: ಒಬ್ಬರ ತಲೆ ಮೇಲೆ ಎಷ್ಟು?

ಈ ನಾಲ್ಕು ಬಗೆಯ ಬಾಕಿ ಕೆಲಸಕ್ಕೆ ಸಮಯ ಎಲ್ಲಿಂದ ತರೋದು ಅನ್ನೋ ಪ್ರಶ್ನೆ ಬರುತ್ತೆ. ದಿನದ ಕೆಲಸ ಹಗುರ ಆದರೆ ಮಾತ್ರ ಸಮಯ ಸಿಗೋದು. ಕೇಂದ್ರ ಸರ್ಕಾರದ 2024ರ ಸಮಯ ಬಳಕೆ ಸಮೀಕ್ಷೆ ಪ್ರಕಾರ ದೇಶದಲ್ಲಿ ಸಂಬಳವಿಲ್ಲದ ಮನೆಗೆಲಸ ಮಾಡೋ ಮಹಿಳೆಯರು ಅದಕ್ಕೆ ದಿನಕ್ಕೆ ಸರಾಸರಿ 289 ನಿಮಿಷ ಕೊಡ್ತಾರೆ, ಅದೇ ಕೆಲಸ ಮಾಡೋ ಗಂಡಸರು 88 ನಿಮಿಷ. ಹೆಚ್ಚು ಕಡಿಮೆ ಐದು ಗಂಟೆಗೆ ಒಂದೂವರೆ ಗಂಟೆ. ಮಳೆಗಾಲದಲ್ಲಿ ಬಟ್ಟೆ, ಹೊಗೆ, ಕೆಸರು ಎಲ್ಲ ಸೇರಿ ಈ ಭಾರ ಇನ್ನೂ ಹೆಚ್ಚು.

“ಹೇಳಿದ್ರೆ ಮಾಡ್ತೀನಿ” ಅನ್ನೋದು ಸಹಾಯ ಅಲ್ಲ. ಯಾಕಂದ್ರೆ ನೆನಪಿಟ್ಟು ಹೇಳೋದೂ ಒಂದು ಕೆಲಸವೇ. ಅದರ ಬದಲು ಒಂದೊಂದು ಕೆಲಸವನ್ನು ಪೂರ್ತಿಯಾಗಿ ಒಬ್ಬರಿಗೆ ಬಿಟ್ಟುಕೊಡಿ. ಗ್ಯಾಸ್ ಅಂದ್ರೆ ಬುಕ್ ಮಾಡೋದು, ದುಡ್ಡು ಕೊಡೋದು, ಸಿಲಿಂಡರ್ ಬದಲಿಸೋದು, ಐದು ವರ್ಷಕ್ಕೊಮ್ಮೆ ರಬ್ಬರ್ ಟ್ಯೂಬ್ ಬದಲಿಸೋದು ಎಲ್ಲಾ ಒಬ್ಬರೇ. ಇನ್ವರ್ಟರ್ ಬ್ಯಾಟರಿಗೆ ಡಿಸ್ಟಿಲ್ಡ್ ವಾಟರ್, ಟಾರ್ಚ್, ಮೇಣದಬತ್ತಿ ಇನ್ನೊಬ್ಬರು. ಬೂಟು, ಕೊಡೆ, ರೈನ್‌ಕೋಟು ಒಣಗಿಸೋದು ಮಕ್ಕಳು. ಮಳೆಗೆ ಶಾಲೆಗೆ ರಜೆ ಕೊಟ್ಟ ದಿನ ಅವರಿಗೂ ಸಮಯ ಇದ್ದೇ ಇರುತ್ತೆ!

ಅಡುಗೆಮನೆ ಗೋಡೆಗೆ ‘ಕರೆಂಟ್ ಬಂದ ಕೂಡಲೇ’ ಅಂತ ಒಂದು ಚೀಟಿ ಅಂಟಿಸಿ. ಪಂಪ್ ಹಾಕಿ ಟ್ಯಾಂಕ್ ತುಂಬಿಸೋದು, ಮಿಕ್ಸಿ, ವಾಷಿಂಗ್ ಮೆಷಿನ್, ಇಸ್ತ್ರಿ, ಮೊಬೈಲ್ ಚಾರ್ಜು. ಕರೆಂಟ್ ಬಂದಾಗ ಮನೆಯಲ್ಲಿ ಯಾರಿದ್ದಾರೋ ಅವರು ಈ ಸಾಲಿನಂತೆ ಮಾಡ್ಕೊಂಡು ಹೋಗೋದು. ಬಟ್ಟೆ ವಾರಕ್ಕೊಮ್ಮೆ ಗುಡ್ಡೆ ಹಾಕಿ ಒಗೆದರೆ ಒಣಗಿಸೋಕೆ ಜಾಗ ಸಿಗಲ್ಲ. ದಿನಾ ಸ್ವಲ್ಪ ಸ್ವಲ್ಪ ಒಗೆದು ಒಲೆ ಹತ್ತಿರದ ಹಗ್ಗಕ್ಕೆ ಹಾಕೋದೇ ವಾಸಿ.

ಅಂಗಡಿಯವರ ಮನೆಗೆ ಇದರಲ್ಲಿ ಇನ್ನೊಂದು ತೊಡಕು. ರಾತ್ರಿ ಶಟರ್ ಎಳೆದು ಮನೆಗೆ ಬರೋಷ್ಟರಲ್ಲಿ ಒಂಬತ್ತು. ವಾರದ ರಜೆ ದಿನ ಸ್ಟಾಕ್ ತರೋಕೆ ಮೈಸೂರು. ಅಂಥವರು ಇಡೀ ದಿನ ಸಿಗಲಿ ಅಂತ ಕಾಯೋದು ಬೇಡ. ವ್ಯಾಪಾರ ಕಡಿಮೆ ಇರೋ ಒಂದು ಮಧ್ಯಾಹ್ನ ಹಿಡಿದು, ವಾರಕ್ಕೆ ಎರಡು ಗಂಟೆ ಮನೆಗೆ ಅಂತ ಇಡಿ. ನಿಮ್ಮೂರ ಸಂತೆ ದಿನ ಬಿಟ್ಟು ಯಾವುದಾದರೂ ಸರಿ. ಅಂಗಡಿಯ ಮಾಡು, ಮುಂದಿನ ಚರಂಡಿ, ಕೆಳಗಿನ ಹಲಗೆಯ ಮೇಲಿರೋ ಅಕ್ಕಿ, ಸಕ್ಕರೆ ಮೂಟೆಯೂ ಇದೇ ಪಟ್ಟಿಗೆ ಸೇರಲಿ.

ಅರ್ಧಕ್ಕೆ ನಿಂತದ್ದು ತಲೆ ತಿನ್ನೋದು ಯಾಕೆ?

ಬಣ್ಣ ಮುಕ್ಕಾಲು ಗೋಡೆಗೆ ಆಗಿದೆ, ಬ್ರಷ್ ಒಣಗಿ ಕಲ್ಲಾಗಿದೆ. ಕಪಾಟಿಗೆ ಬಾಗಿಲು ಬಂದಿದೆ, ಹಿಡಿಕೆ ಇಲ್ಲ. ಪೂರ್ತಿ ಬಾಕಿ ಇರೋದಕ್ಕಿಂತ ಇಂಥ ಅರೆಬರೆ ಕೆಲಸವೇ ಮನಸ್ಸನ್ನು ಹೆಚ್ಚು ಕೊರೆಯೋದು. ಮುಗಿಯದ ಕೆಲಸ ಮನಸ್ಸಿನಲ್ಲಿ ಹೆಚ್ಚು ಉಳಿಯುತ್ತೆ ಅಂತ 1927ರಲ್ಲೇ ಬ್ಲೂಮಾ ಝೈಗಾರ್ನಿಕ್ ಅನ್ನೋ ಮನಶ್ಶಾಸ್ತ್ರಜ್ಞೆ ಬರೆದಿದ್ದರು. 2011ರಲ್ಲಿ ಅಮೆರಿಕದ ಇಬ್ಬರು ಸಂಶೋಧಕರು ಇದಕ್ಕೆ ಒಂದು ಮಾತು ಸೇರಿಸಿದರು: ಕೆಲಸ ಮುಗಿಯದಿದ್ದರೂ ಅದನ್ನು ಹೇಗೆ, ಯಾವಾಗ ಮಾಡೋದು ಅಂತ ಸ್ಪಷ್ಟವಾಗಿ ಗೊತ್ತುಮಾಡಿಕೊಂಡರೆ ಆ ಕೊರೆತ ಕಡಿಮೆ ಆಗುತ್ತೆ.

ಅದಕ್ಕೇ ಪಟ್ಟಿಯಲ್ಲಿ ಕೆಲಸದ ಮುಂದೆ ದಿನ ಮತ್ತು ಹೆಸರು ಎರಡೂ ಇರಬೇಕು. ಹೊಸ ಕೆಲಸ ಶುರು ಮಾಡೋ ಮುಂಚೆ ಒಂದು ಹಳೇ ಅರೆಬರೆ ಕೆಲಸ ಮುಗಿಸೋದು ಅಂತ ಒಂದು ನಿಯಮ ಹಾಕ್ಕೊಳ್ಳಿ. ‘ಮುಗೀತು’ ಅಂದ್ರೆ ಏಣಿ ವಾಪಸ್ ಕೊಟ್ಟು, ಮಿಕ್ಕ ಸಿಮೆಂಟ್ ಮೂಟೆ ಕಟ್ಟಿ, ಕಸ ಗುಡಿಸಿ, ಕೂಲಿ ಲೆಕ್ಕ ತೀರಿಸಿದ ಮೇಲೆ.

ಇನ್ನೂ ಒಂದು: ಐದು ವರ್ಷದಿಂದ ಪಟ್ಟಿಯಲ್ಲೇ ಇರೋ ಕೆಲಸವನ್ನು ನಿಜವಾಗಿ ಮಾಡಬೇಕಾ ಅಂತ ಒಮ್ಮೆ ಕೇಳ್ಕೊಳ್ಳಿ. ರಿಪೇರಿ ಮಾಡಿಸಬೇಕು ಅಂತ ಇಟ್ಟ ಹಳೇ ಟಿವಿ ಯಾರಿಗೂ ಬೇಡವಾದರೆ ಕೊಟ್ಟುಬಿಡಿ. ಅದೂ ಒಂದು ಕೆಲಸ ಮುಗಿದ ಹಾಗೆಯೇ.

ಮಳೆ ಬಂದೇಬಿಟ್ಟರೆ?

ಎಷ್ಟು ಮಾಡಿದರೂ ಕೆಲವು ಉಳಿಯುತ್ತೆ. ಬೇಜಾರು ಬೇಡ. ಕಕ್ಕಡ ತಿಂಗಳಲ್ಲಿ, ಅಂದ್ರೆ ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗೆ, ಪೇಟೆಯಲ್ಲಿ ಓಡಾಟ ಕಡಿಮೆ. ಒಳಗೆ ಕೂತು ಮಾಡೋ ಕೆಲಸಕ್ಕೆ ಅದೇ ಸಮಯ. ಬಟ್ಟೆ ಹೊಲಿಗೆ, ಕಾಗದ ಜೋಡಿಸೋದು, ಲೆಕ್ಕದ ಪುಸ್ತಕ, ಅಟ್ಟದ ಸಾಮಾನು ವಿಂಗಡಣೆ. ಎಲ್ಲಿ ಸೋರ್ತಿದೆ ಅಂತ ಸೀಮೆಸುಣ್ಣದಿಂದ ಗುರುತು ಹಾಕೋಕೂ ಮಳೆಗಾಲವೇ ಸರಿ. ಬೇಸಿಗೆಯಲ್ಲಿ ಸೋರೋ ಜಾಗ ಕಾಣೋದೇ ಇಲ್ಲ!

ನಮ್ಮ ಹಿರಿಯರ ವರ್ಷದಲ್ಲಿ ಇದಕ್ಕೆಲ್ಲ ಜಾಗ ಇತ್ತು. ನಾಟಿ ಮುಗಿದ ಮೇಲೆ ಸೆಪ್ಟೆಂಬರ್ ಆರಂಭದಲ್ಲಿ ಬರೋ ಕೈಲ್ ಪೊಳ್ದ್‌ಗೆ ಕೋವಿ, ಕತ್ತಿ ಜೊತೆ ನೇಗಿಲು, ಗುದ್ದಲಿಯನ್ನೂ ತೊಳೆದು ಪೂಜೆಗೆ ಇಡ್ತಾರೆ. ಒಂದು ಕೆಲಸ ಮುಗೀತು, ಸಲಕರಣೆ ಸ್ವಚ್ಛ ಆಯ್ತು, ಆಮೇಲೆ ಹಬ್ಬದೂಟ. ಮುಗಿದ ಕೆಲಸಕ್ಕೆ ಒಂದು ದಿನ ಇಟ್ಟುಕೊಂಡ ಜನ ನಾವು. ಅಲ್ಲಿಂದ ಪುತ್ತರಿ, ಕಾಫಿ ಕೊಯ್ಲು ಶುರುವಾಗೋ ಮಧ್ಯೆ ಸಿಗೋ ಬಿಸಿಲಿನ ದಿನಗಳಿಗೆ ಎರಡನೇ ಪಟ್ಟಿ ಇರಲಿ.

ಇವತ್ತು ರಾತ್ರಿ ಊಟ ಆದ ಮೇಲೆ ಟಿವಿ ಹಾಕೋ ಮುಂಚೆ ಹದಿನೈದು ನಿಮಿಷ ಮನೆಯವರೆಲ್ಲ ಕೂರಿ. ಒಂದು ಕಾಗದ, ನಾಲ್ಕು ಪದ, ಎದುರಿಗೆ ಹೆಸರು, ದಿನ. ಆ ಕಾಗದದ ಕೆಳಗೆ ಈ ಮೂರು ನಂಬರೂ ಬರೆದು ಬಾಗಿಲ ಹಿಂದೆ ಅಂಟಿಸಿ: ವಿಪತ್ತು ನಿರ್ವಹಣೆಗೆ 1077, ಕರೆಂಟ್ ದೂರಿಗೆ 1912, ತುರ್ತು ಸಹಾಯಕ್ಕೆ 112. ನಾಳೆ ಬೆಳಿಗ್ಗೆ ಬಿಸಿಲು ಬಂದ್ರೆ ಮೊದಲು ಏಣಿ ಹೊರಗೆ ತೆಗೀರಿ.